ಅಪ್ಪನ ಸಿಗಾರಿನ ಡಬ್ಬಿ

ನಮ್ಮದು ಹೊಲಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಎರಡು ಮಿಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ಗಿರಾಕಿಗಳ ಕೋಟುಗಳು. ಹಿಂದಿನ ಕೋಣೆಯಲ್ಲಿ ಅಪ್ಪ. ನಡುವೆ ಇರುವುದು ಒಂದು ಪರದೆ, ಅದೂ ಯಾರೋ ಹೊಲಿಯಲು ಕೊಟ್ಟು ಒಯ್ಯಲು ಮರೆತದ್ದು. ಮರೆವು ನಮ್ಮಪ್ಪನೊಬ್ಬನಿಗೇ ಬಂದ ಕಾಯಿಲೆಯೇನಲ್ಲ ಎಂದು ನಾನು ಗಿರಾಕಿಗಳಿಗೆ ಹೇಳುವುದುಂಟು. ಅವರು ನಗುತ್ತಾರೆ. ನಗಲಿ ಎಂದೇ ಹೇಳುವುದು.

ಅಪ್ಪ ಜೀವಮಾನವಿಡೀ ಸಿಗಾರ್ ಸುತ್ತಿದವನು. ಚಿಕ್ಕವಳಿದ್ದಾಗ ನಾನು ಅವನಿಗೆ ಕಾರ್ಖಾನೆಗೆ ಊಟದ ಡಬ್ಬಿ ಒಯ್ಯುತ್ತಿದ್ದೆ. ಉದ್ದನೆಯ ಬೆಂಚುಗಳ ಮೇಲೆ ಸಾಲಾಗಿ ಕುಳಿತು ಎಲೆ ಸುತ್ತುವವರೆಲ್ಲ ನನ್ನನ್ನು ಕಂಡ ಕೂಡಲೇ, "ಕಿಡಿ ಬಂತು, ಎಲೆ ಜೋಪಾನ!" ಎಂದು ಕೂಗುತ್ತಿದ್ದರು. ನನ್ನ ಮೂಗಿನ ತುದಿಯ ಸಿಟ್ಟು ಅಷ್ಟು ಹೆಸರುವಾಸಿ. ಅಪ್ಪನೂ ಅದೇ ಹೆಸರು ಹಿಡಿದುಬಿಟ್ಟ. ಮದುವೆಯ ದಿನವೂ ನನ್ನ ಗಂಡನಿಗೆ, "ಕಿಡಿಯನ್ನ ಚೆನ್ನಾಗಿ ನೋಡ್ಕೋಪ್ಪ, ಬೀಸಣಿಗೆ ಮಾತ್ರ ಹಿಡೀಬೇಡ" ಎಂದಿದ್ದ.

ಅಂಥವನು ಒಂದು ಬೆಳಿಗ್ಗೆ ನನ್ನನ್ನು "ನೀವು" ಎಂದ. ನೀರಿನ ಲೋಟ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡು, "ನಿಮಗ್ಯಾಕೆ ತೊಂದರೆ" ಎಂದ. ಡಾಕ್ಟರನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ನನ್ನ ಗಂಡನನ್ನು ಅಪ್ಪ ಕಾರ್ಖಾನೆಯ ಮೇಸ್ತ್ರಿ ಎಂದುಕೊಂಡಿದ್ದಾನೆ. ಆ ಪುಣ್ಯಾತ್ಮರು "ಹ್ಞೂಂ, ಇವತ್ತಿನ ಕೆಲಸ ಚೆನ್ನಾಗಾಗಿದೆ" ಎಂದು ದಿನಾ ಹೇಳಿ ಬರುತ್ತಾರೆ. ನನಗೆ ಅಂಥ ಸೈರಣೆ ಎಲ್ಲಿಂದ ಬರಬೇಕು? ಅಪ್ಪ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮರ್ಯಾದೆಯನ್ನು ತಡೆಯಲಾಗುತ್ತಿರಲಿಲ್ಲ.

ಅವನ ಹಳೆಯ ಟ್ರಂಕು ಒರೆಸುವಾಗ ತಳದಲ್ಲಿ, ಒಂದು ಅಂಗಿಯೊಳಗೆ, ದಾರ ಕಟ್ಟಿದ ಸಿಗಾರಿನ ಕಟ್ಟು ಸಿಕ್ಕಿತು. ಕಾರ್ಖಾನೆ ಮುಚ್ಚುವ ಮೊದಲು ಅವನೇ ಸುತ್ತಿದ ಕೊನೆಯ ಕಟ್ಟು ಅದು. ಒಂದನ್ನು ಅವನ ಕೈಗಿಟ್ಟೆ. ಬೆರಳುಗಳು ತಾವಾಗಿಯೇ ಎಚ್ಚರಗೊಂಡವು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಹೊರಳಿಸಿ ಸದ್ದು ಕೇಳಿದ. ಆಮೇಲೆ ಮೂಗಿನ ಕೆಳಗೆ ಎಳೆದು ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ನನ್ನನ್ನೇ ನೋಡಿ, "ಕಿಡೀ, ಊಟ ಮಾಡಿದ್ಯೇನೇ? ಎಷ್ಟು ಸೊರಗಿದ್ಯಲ್ಲೇ" ಎಂದ.

ಮುಂದಿನ ಕೋಣೆಗೆ ಹೋಗಿ ಯಾರದೋ ಕೋಟಿನ ಅಸ್ತರಿನಲ್ಲಿ ಮುಖ ಹುದುಗಿಸಿ ಅತ್ತೆ.

ಅಂದಿನಿಂದ ಪ್ರತಿ ಸಂಜೆ ಅದೇ ನಮ್ಮ ಕೆಲಸವಾಯಿತು. ದೀಪ ಹಾಕುವ ಹೊತ್ತಿಗೆ ಅಪ್ಪ ಅಂಗೈ ಚಾಚುತ್ತಿದ್ದ. ನಾನು ಒಂದು ಸಿಗಾರ್ ಇಡುತ್ತಿದ್ದೆ. ಒಂದು ಪ್ಯಾಂಟಿನ ಅಂಚು ಮಡಿಸಿ ಹೊಲಿಯುವಷ್ಟು ಹೊತ್ತು ನಾನು ಮತ್ತೆ ಅವನ ಮಗಳಾಗಿರುತ್ತಿದ್ದೆ, ಆಮೇಲೆ ಮತ್ತೆ "ನೀವು". ಹಚ್ಚುವ ಮಾತೇ ಇರಲಿಲ್ಲ, ಎದೆ ಪೂರ್ತಿ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದರು. ಅವನೂ ಬೆಂಕಿ ಕೇಳಲಿಲ್ಲ. ಆ ವಾಸನೆಯೊಂದೇ ಸಾಕಾಗಿತ್ತು, ಅವನಿಗೂ ನನಗೂ.

ಆದರೆ ಒಂದು ಸಂಜೆ ಕಿವಿಯ ಬಳಿ ಹೊರಳಿಸಿದವನೇ ಮುಖ ಸಣ್ಣಗೆ ಮಾಡಿ, "ಬಾಯಾರಿದೆ ಇದಕ್ಕೆ" ಎಂದ. ನನಗೂ ಕೇಳಿಸಿತು, ಒಣ ಎಲೆ ತುಳಿದ ಹಾಗೆ ಚರಚರ. ವಾಸನೆಯೂ ತೆಳ್ಳಗಾಗಿತ್ತು. ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸಿ ಅಭ್ಯಾಸವಿದ್ದ ನಾನು ಒಂದು ಒದ್ದೆ ಬಟ್ಟೆಯಲ್ಲಿ ಕಟ್ಟನ್ನು ಸುತ್ತಿಟ್ಟೆ. ಕೆಲವು ದಿನದಲ್ಲೇ ಎರಡು ಸಿಗಾರುಗಳ ಮೇಲೆ ಬೂಷ್ಟು ಕೂತಿತು, ಬಿಸಾಡಬೇಕಾಯಿತು. ಉಳಿದವನ್ನಾದರೂ ಉಳಿಸಿಕೊಳ್ಳಬೇಕೆಂದು ಪೇಟೆಯ ಸಿಗಾರ್ ಅಂಗಡಿ ಹುಡುಕಿಕೊಂಡು ಹೋದೆ.

ಅಂಗಡಿಯವನು ಮೊದಲು ತೋರಿಸಿದ್ದು ಮಿರಮಿರ ಮಿಂಚುವ ಮರದ ಪೆಟ್ಟಿಗೆ. ಬೆಲೆ ಕೇಳಿ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಪ್ಪ" ಎಂದೆ.

ಅವನು ನಕ್ಕ. "ಹೊಸಬರಿಗೆ ಇದು ಬೇಡವೇ ಬೇಡ ಅಕ್ಕ. ಸುಮ್ನೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಊಟದ ಡಬ್ಬಿ ಸಾಕು. ಹೊಸದಿರ್ಲಿ, ಸಾಂಬಾರ ಪದಾರ್ಥದ ವಾಸನೆ ಇರಬಾರ್ದು. ಒಳಗೆ ಈ ತೇವದ ಪೊಟ್ಟಣ ಒಂದು ಇಡಿ. ತೇವ ಕಮ್ಮಿ ಆದ್ರೆ ಕೊಡುತ್ತೆ, ಜಾಸ್ತಿ ಆದ್ರೆ ಹೀರ್ಕೊಳ್ಳುತ್ತೆ. ನೀರು ಗೀರು ಹಾಕೋಕೆ ಹೋಗ್ಬೇಡಿ. ಜೊತೆಗೆ ತೇವ ಅಳೆಯೋ ಈ ಪುಟ್ಟ ಮಾಪಕ. ಮುಳ್ಳು ಅರವತ್ತೈದು ಎಪ್ಪತ್ತರ ನಡುವೆ ನಿಂತ್ರೆ ನಿಶ್ಚಿಂತೆ. ಬಿಸಿಲು, ಒಲೆ ಎರಡೂ ದೂರ."

"ಇಷ್ಟೇನಾ?"

"ಇಷ್ಟೇ. ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡು ಹೇಳ್ತಿದೀನಿ."

ಹೋದದ್ದಕ್ಕೆ ಅವನ ಅಂಗಡಿಯದೂ ಒಂದು ಸಿಗಾರ್ ಕೊಂಡೆ. ನಮ್ಮದು ಹಾಳಾದರೆ ಇದೇ ನಡೆದೀತು ಎಂಬ ಆಸೆ. ಅಪ್ಪ ಅದನ್ನು ಮೂಸಿ, "ಚೆನ್ನಾಗಿದೆ. ನಂದಲ್ಲ" ಎಂದು ತಿರುಗಿ ಕೊಟ್ಟ. ನನ್ನ ಮುಖ ನೋಡಿ, "ನೀವು ಇಟ್ಕೊಳ್ಳಿ" ಎಂದ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ಅವನ ಕೈಯಲ್ಲಿ ಸುತ್ತಿದ್ದೇ ಬೇಕು, ಅದನ್ನು ಸುತ್ತಿದ ಕೈ ಈಗ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳುವುದಿಲ್ಲ.

ಡಬ್ಬಿ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಮುಳ್ಳು ಮೆಲ್ಲಗೆ ಮೇಲೇರಿ ಹೇಳಿದ ಜಾಗದಲ್ಲಿ ನಿಂತಿತು. ಚರಚರ ಸದ್ದು ನಿಂತಿತು. ವಾಸನೆ ಮರಳಿತು, ಅದರ ಹಿಂದೆ ಕಾರ್ಖಾನೆ ಮರಳಿತು, ಅಪ್ಪನ ಹಳೆಯ ಜೋಕುಗಳೆಲ್ಲ ಮರಳಿದವು. ಒಂದು ಸಂಜೆ ಅವನು ಅಮ್ಮನ ಬಗ್ಗೆ ಹೇಳಿದ. ಅವಳು ನಾನು ಅಂಬೆಗಾಲಿಡುವಾಗಲೇ ಹೋದವಳು, ಅವಳ ನಗು ಹೇಗಿತ್ತೆಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮೂಗಿನಿಂದ ನಗುತ್ತಿದ್ದಳಂತೆ, ನನ್ನ ಹಾಗೆ. ಉಳಿದದ್ದು ನಾಳೆ ಕೇಳೋಣ ಎಂದುಕೊಂಡೆ. ಬದುಕಿನಲ್ಲಿ ಅಷ್ಟು ಸುಖವಾಗಿ "ನಾಳೆ" ಅಂದುಕೊಂಡದ್ದು ನೆನಪಿಲ್ಲ.

ಮರುದಿನ ಅಪ್ಪನ ಅಂಗೈಯಲ್ಲಿ ಕಂದು ಪುಡಿ ಉದುರಿತು. ಸಿಗಾರಿನಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು. ಡಬ್ಬಿಯ ಮೂಲೆಯಲ್ಲಿ ಎಳ್ಳಿನಷ್ಟು ಹುಳ ನಡೆದು ಹೋಗುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ಸಿಗಾರ್ ಅಂಗಡಿ ಮುಚ್ಚಿರುವ ಹೊತ್ತು, ಬೆಳಿಗ್ಗೆ ಎದ್ದವಳೇ ಓಡಿದೆ.

"ಹೆದರ್ಬೇಡಿ ಅಕ್ಕ," ಎಂದ ಅಂಗಡಿಯವನು. "ಎಲ್ಲಾನೂ ಗಾಳಿಯಾಡದ ಹಾಗೆ ಚೀಲದಲ್ಲಿ ಕಟ್ಟಿ, ಫ್ರೀಜರಲ್ಲಿ ಕೆಲವು ದಿನ ಇಡಿ. ಹುಳ, ಮೊಟ್ಟೆ ಎರಡೂ ಸಾಯುತ್ತೆ. ಆಮೇಲೆ ಒಂದು ದಿನ ಫ್ರಿಜ್ಜಿನ ಕೆಳಗಿನ ಖಾನೇಲಿ, ಆಮೇಲೆ ಹೊರಗೆ. ಒಂದೇ ಸಲ ಹೊರಗೆ ತೆಗೆದ್ರೆ ಬಿರುಕು ಬಿಡುತ್ತೆ. ಅಷ್ಟೇ. ಏನೂ ಆಗಿಲ್ಲ."

ಏನೂ ಆಗಿಲ್ಲ ಎಂಬ ಮಾತನ್ನು ಬಾಯಲ್ಲಿ ಚೀಪುತ್ತಾ ಮನೆಗೆ ಬಂದೆ.

ಇಲ್ಲಿ ನಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಬೇಕು. ಒಮ್ಮೆ ಗಿರಾಕಿಯೊಬ್ಬರ ಉಣ್ಣೆ ಕೋಟಿಗೆ ನಮ್ಮ ಅಂಗಡಿಯಲ್ಲೇ ನುಸಿ ಬಿದ್ದಿತ್ತು. ಅಂದಿನಿಂದ ಅವರಿಗೆ ಲೋಕದಲ್ಲಿ ಇರುವ ಶತ್ರು ಒಬ್ಬನೇ, ಹುಳ. ಅದಕ್ಕಿರುವ ಮದ್ದು ಒಂದೇ, ನುಸಿಗುಳಿಗೆ. ಕಪಾಟಿನಲ್ಲಿ, ಕೋಟಿನ ಜೇಬಿನಲ್ಲಿ, ಗುಂಡಿಯ ಡಬ್ಬದಲ್ಲಿ ಎಲ್ಲೆಲ್ಲೂ ಆ ಬಿಳಿ ಉಂಡೆಗಳು. ನಮ್ಮ ಮೈಯೂ ಅದೇ ವಾಸನೆ ಹೊಡೆಯುತ್ತದೆ. ನಮಗೆ ಗೊತ್ತಾಗುವುದಿಲ್ಲ, ಬೀದಿಯವರಿಗೆ ಗೊತ್ತಾಗುತ್ತದೆ.

ಡಬ್ಬಿಯ ಮುಚ್ಚಳ ತೆಗೆದೆ. ಸಿಗಾರುಗಳ ಮೇಲೆ, ಹಾಸಿಗೆಯಲ್ಲಿ ಮಕ್ಕಳನ್ನು ಮಲಗಿಸಿದಷ್ಟು ಜೋಪಾನವಾಗಿ, ನಾಲ್ಕು ನುಸಿಗುಳಿಗೆಗಳು.

"ನೀನು ಹೋದ್ಮೇಲೆ ನೋಡ್ದೆ, ಹುಳ ಇನ್ನೂ ಓಡಾಡ್ತಿತ್ತು," ಎಂದರು ಯಜಮಾನರು, ಮುಖವೆಲ್ಲ ಹಿಗ್ಗು. "ಸುಮ್ನೆ ಇರೋಕಾಗುತ್ತಾ? ಕೋಟಿಗಾದ್ರೆ ಎರಡು ಹಾಕ್ತೀನಿ. ಇದು ಮಾವಂದು ಅಂತ ನಾಲ್ಕು ಹಾಕ್ದೆ."

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಲಿ ಕಾಟಕ್ಕೆ ಮನೆಗೆ ಬೆಂಕಿ ಹಚ್ಚೋ ಜನ ನೀವು ಎಂದೆ. ನಿಮಗೆ ಮೂಗು ಅನ್ನೋದು ಕನ್ನಡಕ ಇಡೋಕೆ ಮಾತ್ರ ಇರೋದಾ ಎಂದೆ. ಅವರು ಅಳತೆಪಟ್ಟಿಯನ್ನು ಕತ್ತಿನಿಂದ ತೆಗೆದು ಸುತ್ತತೊಡಗಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ನಂಗೆ ಗೊತ್ತಾಗ್ಲಿಲ್ವೇ," ಎಂದರು. "ಉಳೀಲಿ ಅಂತಾನೇ ಹಾಕಿದ್ದು." ಅದು ನಿಜವಾಗಿತ್ತು. ಅದೇ ನನ್ನ ಬಾಯಿ ಕಟ್ಟಿತು. ಬೈಯಲು ತಪ್ಪಿತಸ್ಥನೊಬ್ಬನಾದರೂ ಸಿಕ್ಕಿದ್ದರೆ ಆ ಸಿಟ್ಟಿನ ಆಸರೆಯಲ್ಲಿ ನಿಂತುಕೊಳ್ಳುತ್ತಿದ್ದೆ.

ಅಂಗಡಿಯವನಿಗೆ ಫೋನು ಮಾಡಿದೆ. ಎಷ್ಟು ಗುಳಿಗೆ, ಎಷ್ಟು ಹೊತ್ತಿನಿಂದ ಎಂದು ಅವನು ಕೇಳಿದ. "ತಂಬಾಕು ವಾಸನೆ ಕುಡಿದುಬಿಡುತ್ತೆ ಅಕ್ಕ," ಎಂದ ಆಮೇಲೆ. "ಕುಡಿದದ್ದನ್ನ ವಾಪಸ್ ಕೊಡಲ್ಲ."

ಆದರೂ ಇಬ್ಬರೂ ಸುಮ್ಮನೆ ಕೂರಲಿಲ್ಲ. ಸಿಗಾರುಗಳನ್ನು ಕಿಟಕಿಯ ಬಳಿ ಹರಡಿದೆವು. ಯಜಮಾನರು ಕೋಟಿನ ಅಳತೆಯ ರಟ್ಟು ಹಿಡಿದು ಅವಕ್ಕೆ ಗಾಳಿ ಹಾಕಿದರು. ಮದುವೆ ಬಟ್ಟೆ ಕೇಳಲು ಬಂದ ಗಿರಾಕಿ ಅದನ್ನು ನೋಡಿ ಏನೂ ಕೇಳದೆ ಹೊರಟುಹೋದರು. ಗಂಟೆಗೊಮ್ಮೆ ಯಜಮಾನರು ಒಂದನ್ನೆತ್ತಿ ಮೂಸಿ, "ಕಮ್ಮಿ ಆಗಿದೆ ಅನ್ಸುತ್ತೆ, ಅಲ್ವಾ?" ಎನ್ನುತ್ತಿದ್ದರು. ಆ ಮನುಷ್ಯನಿಗೆ ಸುಳ್ಳು ಹೇಳಲೂ ಬರುವುದಿಲ್ಲ. ನಾನು ಮೂಸಿದೆ. ನಮ್ಮ ಅಂಗಡಿಯೇ ಮೂಗಿಗೆ ಬಂತು, ಅದರಾಚೆಗೆ ಏನೂ ಇರಲಿಲ್ಲ. ಎಲ್ಲ ಬಣ್ಣ ಮಸಿ ನುಂಗಿತು.

ಸಂಜೆಯಾಯಿತು. ಇವತ್ತು ಅಪ್ಪ ಮರೆತಿರಲಿ ಎಂದು ಮೊದಲ ಸಲ ಬೇಡಿಕೊಂಡೆ. ಮರೆಯಬಾರದ್ದನ್ನೆಲ್ಲ ಮರೆತವನು ಇದನ್ನು ಮರೆಯಲಿಲ್ಲ. ದೀಪ ಹಾಕಿದ ಕೂಡಲೇ ಅಂಗೈ ಚಾಚಿದ.

ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಇಟ್ಟೆ. ಪರದೆಯ ಹಿಂದೆ ಯಜಮಾನರು ನಿಂತಿರುವುದು ಅವರ ಕಾಲು ಕಂಡು ಗೊತ್ತಾಯಿತು. ಅಪ್ಪ ಕಿವಿಯ ಹತ್ತಿರ ಹೊರಳಿಸಿದ, ಸದ್ದಿಲ್ಲದ್ದಕ್ಕೆ ತಲೆದೂಗಿದ. ಮೂಗಿನ ಕೆಳಗೆ ಎಳೆದ. ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಎಳೆದ. ಕಣ್ಣು ತೆರೆದು ನನ್ನನ್ನು, ನನ್ನ ಕತ್ತಿನಲ್ಲಿದ್ದ ಅಳತೆಪಟ್ಟಿಯನ್ನು ನೋಡಿದ. ಮುಖ ಅರಳಿತು.

"ಅಮ್ಮಾ, ನೀವು ಹೊಲಿಗೆಯವರಾ?"

"ಹೌದು," ಎಂದೆ.

"ಒಳ್ಳೇದಾಯ್ತು." ಸಿಗಾರನ್ನು ಪಕ್ಕಕ್ಕಿಟ್ಟ, ಯಾರದೋ ವಸ್ತು ಎಂಬ ಹಾಗೆ. ದನಿ ತಗ್ಗಿಸಿ, "ನನ್ನ ಮಗಳಿಗೆ ಒಂದು ಫ್ರಾಕ್ ಹೊಲೀಬೇಕಿತ್ತು. ತಾಯಿ ಇಲ್ಲದ ಮಗು. ಸ್ವಲ್ಪ ಸಿಡುಕಿ, ಆದ್ರೆ ಮನಸು ಬೆಣ್ಣೆ" ಎಂದ.

ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ ತಾನಾಗಿಯೇ ಬಂತು. "ಅಳತೆ?"

ಅಪ್ಪ ಕೈಯನ್ನು ನೆಲದಿಂದ ಮಂಚದ ಎತ್ತರಕ್ಕೆ ತಂದು ನಿಲ್ಲಿಸಿದ, ಅಲ್ಲಿ ನಿಂತಿದ್ದ ಒಂದು ತಲೆಯನ್ನು ಸವರಿದ. ನಾನು ಪಟ್ಟಿ ಬಿಚ್ಚಿ ನೆಲಕ್ಕೆ ಮಂಡಿಯೂರಿ, ಅವನ ಅಂಗೈಯ ಕೆಳಗೆ ಹಿಡಿದು ಅಳತೆ ತೆಗೆದೆ.

"ಬೆಳೆಯೋ ಹುಡುಗಿ," ಎಂದ ಅಪ್ಪ. "ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲೀರಿ."