ಬಾಣಂತಿ ಹಟ್ಟಿಯೊಳಗೆ ಬಂದದ್ದು

ಹಂದನಕೆರೆ ಕಡೆಯ ಆ ಗೊಲ್ಲರಹಟ್ಟಿಯಲ್ಲಿ ಹೆತ್ತವಳು ಕೂಸಿನ ಸಮೇತ ಬೇಲಿಯಾಚೆ, ತೆಂಗಿನ ಗರಿಯ ಗುಡಿಸಲಲ್ಲಿ ಇರಬೇಕು. ಸೂತಕ ದೇವರಿಗಾಗದೆಂದು ಹಿಂದಿನಿಂದ ನಡೆದುಬಂದದ್ದು. ಚಿತ್ತಮ್ಮನ ಸೊಸೆ ಮಂಜುಶ್ರೀ ಒಂಬತ್ತು ದಿನದಿಂದ ಅಲ್ಲಿದ್ದಳು. ಚಿತ್ತಮ್ಮ ಹಟ್ಟಿಯ ಆಶಾ ಕಾರ್ಯಕರ್ತೆಯೂ ಹೌದು. ದಿನಕ್ಕೆರಡು ಸಲ ಹೋಗಿ ಮೊಮ್ಮಗನ ಮೈಬಿಸಿ ನೋಡುವಳು, ಎರಡು ಸಲವೂ ಮಿಂದೇ ಹಟ್ಟಿಯೊಳಗೆ ಬರುವಳು. ಮಳೆ ಹಿಡಿದು ಕೂಸಿಗೆ ನೆಗಡಿಯಾದ ಮೇಲೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಂದು ಮಧ್ಯಾಹ್ನ ಬಂದ ಸರ್ಕಾರಿ ಡಾಕ್ಟರು ಗಂಗಾಧರ್, "ನಾಳೆ ಪೊಲೀಸು, ಜೆಸಿಬಿ ಕರ್ಕೊಂಡು ಬರ್ತೀನಿ. ಗುಡಿಸಲು ತೆಗೆಸೋದೇ," ಎಂದರು.

"ನಾಕು ಗರಿ ಎಳೆಯಾಕೆ ಜೆಸಿಬಿ ಯಾಕೆ ಸಾರ್?" ಎಂದಳು ಚಿತ್ತಮ್ಮ.

"ಮೇಲಿನೋರಿಗೆ ಫೋಟೋ ಬೇಕಮ್ಮ."

"ಕೆಡವೋದು ಒಂದು ಗಳಿಗೆ ಕೆಲ್ಸ. ಆಮೇಲೆ ಇವ್ರು ನಂಗೂ ಹೇಳ್ದೆ ಹೊಲದ ತುದೀಲಿ ಇನ್ನೊಂದು ಗುಡ್ಲು ಕಟ್ಕಂಡ್ರೆ, ಮುಂದಿನ ಮಗೀನ ಯಾರು ನೋಡ್ತಾರೆ? ಇವತ್ತೊಂದಿನ ನಂಗೆ ಬುಡಿ."

"ಬೆಳಿಗ್ಗೆ ಎಂಟು ಗಂಟೆವರೆಗೆ," ಎಂದು ಡಾಕ್ಟರು ಗಾಡಿ ಹತ್ತಿದರು.

ಚಿತ್ತಮ್ಮ ನೇರ ಗುಡಿಗೆ, ಮಾವ ಕಾಟಪ್ಪನ ಬಳಿ ಹೋಗಿ ಬಾಣಂತಿಯನ್ನು ಒಳಗೆ ಕರೆತರಲೇ ಎಂದು ಕೇಳಿದಳು. ಹಟ್ಟಿಯ ದೇವರಿಗೆ ಆತನೇ ಪೂಜಾರಿ.

"ನನ್ನ ಕೇಳಿ ಏನು ಬಂತವ್ವ? ಅವನ್ನೇ ಕೇಳಾನ," ಎಂದು ಕಾಟಪ್ಪ ದೇವರ ತಲೆಯ ಮೇಲೆ ಒಂದು ಕಣಗಿಲೆ ಹೂವಿಟ್ಟ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಹಟ್ಟಿಯವರೆಲ್ಲ ಬಂದು ಕುಳಿತರು.

ಹೂ ಬೀಳಲಿಲ್ಲ. ಹೊತ್ತು ಇಳಿಯಿತು, ಕುರಿಗಳು ರೊಪ್ಪ ಸೇರಿದವು, ಹೂ ಅಲ್ಲೇ ಇತ್ತು.

"ದೇವ್ರು ನಿದ್ದೆ ಹೊಡೀತೈತೆ ಕಣ್ಲಾ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಬ್ಯಾಡ ಅಂದಿಲ್ವಲ್ಲ ಮಾವ," ಎಂದಳು ಚಿತ್ತಮ್ಮ.

"ಹೂಂ ಅಂತಲೂ ಅಂದಿಲ್ಲ ಕಣವ್ವ. ಇನ್ನು ಮೂರು ದಿನ ಬುಟ್ಟು ಕೇಳ್ಬೇಕು."

"ಹಂಗಾದ್ರೆ ಮೂರು ದಿನ ತಡ್ಕಾ ಅಂತ ಮಗೀನ ನೆಗಡಿಗೆ ನೀವೇ ಹೇಳಿ ಬನ್ನಿ."

ಹೆಂಗಸರು ಸೆರಗಿನಲ್ಲಿ ನಕ್ಕರು. ಕಾಟಪ್ಪ ನಗಲಿಲ್ಲ, ಕಣ್ಣು ಮುಚ್ಚಿ ಕುಳಿತ. ಬೇಲಿಯಾಚೆಯಿಂದ ಕೂಸಿನ ಅಳು ಸಣ್ಣಗೆ ಬಂತು. ಆ ಮರಿಮಗನ ಮುಖವನ್ನು ಅವನಿನ್ನೂ ಕಂಡಿರಲಿಲ್ಲ.

"ಐವತ್ತು ವರ್ಷ ಅವನು ಹೇಳ್ದಂಗೆ ನಡ್ಕಂಡೆ," ಎಂದ ಕೊನೆಗೆ. "ಇವತ್ತು ಬಾಯಿ ಬುಡ್ತಿಲ್ಲ ಅಂದ್ರೆ, ನಿಮ್ಮ ಬುದ್ಧಿ ಏನೈತೋ ನೋಡಾನ ಅಂತ ಕುಂತವ್ನೆ."

ದೇವರಿಗೆ ಉದ್ದಕ್ಕೆ ಅಡ್ಡಬಿದ್ದ. "ತಪ್ಪಾದ್ರೆ ನನ್ನ ತಲೆಗೆ ಹಾಕಪ್ಪ, ಮಗೀಗೆ ಬ್ಯಾಡ." ಎದ್ದು ಮೈ ಕೊಡವಿಕೊಂಡು ಚಿತ್ತಮ್ಮನತ್ತ ತಿರುಗಿದ. "ಹೋಗು, ಕರ್ಕಂಬಾ. ಮನೆಗೇ."

ಇಬ್ಬರು ಮುದುಕರು ಗೊಣಗುತ್ತ ಎದ್ದು ಹೋದರು. ಉಳಿದವರು ದಾರಿ ಬಿಟ್ಟು ನಿಂತರು.

ಬೆಳಿಗ್ಗೆ ಎಂಟಕ್ಕೆ ಜೆಸಿಬಿ ಬಂದಾಗ ಗುಡಿಸಲು ಖಾಲಿಯಿತ್ತು. ಚಾಲಕ ಎಂಜಿನ್ ಆರಿಸಿ, ಯಾರೋ ಕೊಟ್ಟ ಕಾಫಿ ಕುಡಿಯುತ್ತ ಕುಳಿತ.

"ಫೋಟೋ ಈ ಕಡೆ ತಗಳಿ ಸಾರ್," ಎಂದು ಚಿತ್ತಮ್ಮ ಡಾಕ್ಟರನ್ನು ಮನೆಗೆ ಕರೆತಂದಳು. ಜಗಲಿಯ ಮೇಲೆ ಕಾಟಪ್ಪ, ಅವನ ಮಡಿಲಲ್ಲಿ ಕಂಬಳಿಯೊಳಗೆ ಕೂಸು.

ಡಾಕ್ಟರು ಸ್ಟೆತಸ್ಕೋಪು ಹಿಡಿದು ಕೈ ಚಾಚಿದರು. "ಕೊಡಿ ಅಜ್ಜ, ಎದೆ ನೋಡ್ತೀನಿ."

"ವಸಿ ತಡ್ಕಳಿ ಡಾಕ್ಟ್ರೇ," ಎಂದ ಕಾಟಪ್ಪ, ಕೂಸಿನ ಮುಖದಿಂದ ಕಣ್ಣು ತೆಗೆಯದೆ. "ನಾನೂ ಈಗ ತಾನೇ ಎತ್ಕಂಡಿವ್ನಿ."