ಲೇಬಲ್ಲಿನ ಮೇಲೊಂದು ಲೇಬಲ್

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಕಸದ ಬುಟ್ಟಿಗೂ ಒಂದು ಲೇಬಲ್ ಇದೆ: ‘ಕಸದ ಬುಟ್ಟಿ’. ಅದು ನಮ್ಮ ಮೇಲಧಿಕಾರಿಯ ಅಚ್ಚುಕಟ್ಟು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಲೇಬಲ್ ಮಾವ ಎನ್ನುತ್ತೇವೆ. ಹಳೆಯ ಸ್ಕ್ಯಾನ್‌ಗಳನ್ನು ತುಂಬಿಟ್ಟ ಟೇಪ್ ಕಾರ್ಟ್ರಿಜ್‌ಗಳಿಗೆ ವರ್ಷಕ್ಕೊಂದು ಬಣ್ಣದ ಹೊಸ ಲೇಬಲ್. ಹಳೆಯದನ್ನು ಕಿತ್ತರೆ ಕಲೆ ಉಳಿಯುತ್ತದೆಂದು ಅದರ ಮೇಲೇ ಅಂಟಿಸುತ್ತಾರೆ. ‘ದಪ್ಪ ಆಗ್ತಿದೆ ಸಾರ್’ ಎಂದು ಎಷ್ಟು ಸಲ ಬಡಕೊಂಡೆನೋ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಆ ಬೆಳಿಗ್ಗೆ ಅಂಥದೊಂದು ಟೇಪು ಬೇಕಾದದ್ದು ನನ್ನ ಅತ್ತಿಗೆಗೆ. ನಮ್ಮಲ್ಲೇ ತಪಾಸಣೆಗೆ ಸೇರಿದ್ದ ಅವರ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತ್ತು.

“ಹಳೇ ಸ್ಕ್ಯಾನ್‌ನಲ್ಲೂ ಅದು ಇಷ್ಟೇ ಇದ್ರೆ ಆಪರೇಷನ್ ಬೇಡ. ಇಲ್ಲಾಂದ್ರೆ ನಾಳೇನೇ ತೆಗೀಬೇಕು. ಸಂಜೆಯೊಳಗೆ ತೋರ್ಸಿ,” ಎಂದಿದ್ದರು ಡಾಕ್ಟರ್.

ಹಳೆಯ ಸ್ಕ್ಯಾನ್ ಇದ್ದದ್ದು ಆ ಒಂದೇ ಟೇಪಿನಲ್ಲಿ. ಕಾರ್ಟ್ರಿಜ್ ಟೇಪು ಓದುವ ಡ್ರೈವಿನೊಳಗೆ ಹೋಯಿತು, ಕರಕರ ಎಂದಿತು, ನಿಂತಿತು. ಓದಲೂ ಇಲ್ಲ, ಹೊರಗೆ ಬರಲೂ ಇಲ್ಲ. ಗುಂಡಿ ಒತ್ತಿದೆ. ಕಂಪ್ಯೂಟರಿನಿಂದ ಹೊರಹಾಕಲು ನೋಡಿದೆ. ಕರೆಂಟು ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಗುಂಡಿ ಒತ್ತಿಕೊಂಡೇ ಮತ್ತೆ ಕೊಟ್ಟೆ. ಕಿತ್ತಳೆ ದೀಪ ಮಿಣುಕುತ್ತಲೇ ಇತ್ತು. ಟಾರ್ಚ್ ಬಿಟ್ಟು ನೋಡಿದರೆ, ಲೇಬಲ್ ಕಂತೆಯ ಮೂಲೆ ಎದ್ದು ಒಳಗಿನ ಕಂಬಿಗೆ ಕಚ್ಚಿಕೊಂಡಿತ್ತು. ನನಗೆ ಮೈಯೆಲ್ಲ ಉರಿಯಿತು.

ರಿಪೇರಿಯವನಿಗೆ ಫೋನ್ ಮಾಡಿದೆ.

“ಎಳೀಬೇಡಿ ಮೇಡಂ. ಟೇಪು ಒಳಗೆ ಸುತ್ಕೊಂಡಿದೆ, ಹರಿದುಹೋಗುತ್ತೆ. ಡ್ರೈವನ್ನೇ ಕಳ್ಸಿ, ಬಿಚ್ಚಿ ತೆಗೀತೀವಿ.”

“ಎಷ್ಟು ದಿನ?”

“ಎರಡು ವಾರ ಆಗ್ಬಹುದು.”

ಅಷ್ಟರಲ್ಲಿ ಲೇಬಲ್ ಮಾವ ಚಿಮಟ ಹಿಡಿದು ಬಂದರು. “ಮೆತ್ತಗೆ ಎಳೆದು ನೋಡ್ತೀನಮ್ಮ...”

“ಮುಟ್ಟಿದ್ರೆ ಕೈ ಮುರೀತೀನಿ,” ಎಂದೆ, ಮೇಲಧಿಕಾರಿಗೆ!

ಅವರು ಬೈಯಲಿಲ್ಲ. ಚಿಮಟ ಕೆಳಗಿಟ್ಟು, ಮುಖ ಸಣ್ಣದು ಮಾಡಿಕೊಂಡು ಕೂತರು. ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಅತ್ತಿಗೆಯೇ ವಾರ್ಡಿನಿಂದ ಇಳಿದು ಬಂದರು. ಡ್ರೈವಿನ ಬಾಯಿಗೆ ಕಣ್ಣಿಟ್ಟು ನೋಡಿದರು.

“ಇಲ್ಲೇ ಇದೆಯಲ್ಲೇ, ಕಾಣ್ತಿದೆ!”

“ಕಾಣುತ್ತೆ ಅತ್ತಿಗೆ. ತೆಗೆಯೋಕಾಗ್ತಿಲ್ಲ.”

ಅವರು ಬೆರಳ ತುದಿಯಿಂದ ಕಾರ್ಟ್ರಿಜ್ಜಿನ ಅಂಚನ್ನು ಒಮ್ಮೆ ಮುಟ್ಟಿ ಕೈ ಹಿಂದೆಗೆದರು. “ಹೋಗ್ಲಿ ಬಿಡು. ಸ್ಕ್ಯಾನ್ ಸಿಗಲ್ಲ ಅಂತ ನಿಮ್ಮಣ್ಣಂಗೆ ನೀನೇ ಹೇಳು. ನಾನು ಹೇಳಕ್ಕೆ ಹೋದ್ರೆ ಅತ್ತುಬಿಡ್ತೀನಿ.”

ನಾನು ಅಣ್ಣನಿಗೆ ಫೋನ್ ಹಚ್ಚಿದೆ.

ಸಂಜೆ ಡಾಕ್ಟರ್ ಹೆಚ್ಚು ಮಾತಾಡಲಿಲ್ಲ. “ಗೊತ್ತಿಲ್ಲ ಅಂದ್ಮೇಲೆ ಹೊಸದು ಅಂತಲೇ ತಿಳ್ಕೋಬೇಕು. ಎರಡು ವಾರ ಕಾಯೋ ಧೈರ್ಯ ನಂಗಿಲ್ಲ. ಬೆಳಿಗ್ಗೆ ಆಪರೇಷನ್.”

ಉತ್ತರ ಕೆಳಗಿನ ಕೋಣೆಯಲ್ಲಿ, ಒಂದು ಪೆಟ್ಟಿಗೆಯೊಳಗೆ ಹಾಳಾಗದೆ ಕೂತಿತ್ತು. ಬೇಡದ ಆಪರೇಷನ್ನೋ ಬೇಕಾದದ್ದೋ, ಅದಕ್ಕೆ ಗೊತ್ತು, ನಮಗೆ ಗೊತ್ತಿಲ್ಲ. ಇಷ್ಟು ವರ್ಷ ಆ ಯಂತ್ರಗಳ ಜೊತೆ ಏಗಿದ ನಾನು ಅತ್ತಿಗೆಯ ಮಂಚದ ಪಕ್ಕ ಕೈಕಟ್ಟಿ ನಿಂತಿದ್ದೆ.

ನರ್ಸ್ ಬಂದಳು. ಅತ್ತಿಗೆಯ ಕೈಪಟ್ಟಿಯ ಮೇಲೆ ಬೆಳಗಿನ ಬಿಳಿ ಲೇಬಲ್ ಇತ್ತು: ‘ತಪಾಸಣೆ’. ನರ್ಸ್ ‘ಆಪರೇಷನ್’ ಎಂದಿದ್ದ ಕೆಂಪು ಲೇಬಲ್ ಬಿಡಿಸಿ ಅದರ ಮೇಲೇ ಅಂಟಿಸಲು ಹೊರಟಳು.

“ಹಳೇದು ಕಿತ್ತು ಹಾಕಿ!” ಎಂದು ಕಿರುಚಿಬಿಟ್ಟೆ. ವಾರ್ಡೆಲ್ಲ ತಿರುಗಿ ನೋಡಿತು.

ನರ್ಸ್ ಬೆಚ್ಚಿ ನಿಂತಳು. ನಾನೇ ಬಗ್ಗಿ, ಉಗುರಿನಿಂದ ಬಿಳಿ ಲೇಬಲ್ಲನ್ನು ಒಂದಿಷ್ಟೂ ಉಳಿಯದ ಹಾಗೆ ಕೆರೆದು ತೆಗೆದೆ. ಅತ್ತಿಗೆ ನನ್ನ ತಲೆ ಸವರುತ್ತಿದ್ದರು. ಆ ದಿನ ನನ್ನ ಕೈಲಿ ಆದದ್ದು ಅದೊಂದೇ.