ಆಫೀಸಿಗೆ ಒಯ್ಯದ ಸಿಹಿ

ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ಒಂದು ರಾತ್ರಿ ಇದ್ದು ಬರೋಣ ಎಂದು ನನ್ನ ಗಂಡ ಮಾಸಾತೊಶಿ ಹೇಳಿದಾಗ ನನಗೆ ಖುಷಿಗಿಂತ ಮೊದಲು ಸುಸ್ತಾಯಿತು. ರಜೆ ಕೇಳಬೇಕು, ಪಾಳಿ ಬದಲಿಸಿಕೊಳ್ಳಬೇಕು, ಮುಖ್ಯ ಅಡುಗೆಯವಳ ಗಂಟುಮುಖ ನೋಡಬೇಕು. ಆಸ್ಪತ್ರೆಯ ಅಡುಗೆಮನೆಯಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಕತ್ತಲಿರುವಾಗಲೇ ಎದ್ದು ಹೋಗಿ ಅನ್ನದ ಪಾತ್ರೆಗಳನ್ನು ಎತ್ತಿ ಎತ್ತಿ ಮೊಣಕಾಲು ಕೈಕೊಟ್ಟಿದೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಕೆಲಸ ಬಿಡುತ್ತೇನೆ, ಇನ್ನು ನಿಮ್ಮ ಸಂಬಳದಲ್ಲೇ ಸಂಸಾರ ಸಾಗಲಿ ಎಂದು ಅಲ್ಲಿಯೇ ಹೇಳಿಬಿಡಬೇಕೆಂದು ತೀರ್ಮಾನಿಸಿಕೊಂಡು ಹೊರಟೆ.

ಹೋದವಳು ಹೆಂಗಸರ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತೆ. ನೀರು ಮೈಯನ್ನೆಲ್ಲ ಸಡಿಲ ಮಾಡಿತು, ಆದರೆ ಒಳಗಿನ ಆಯಾಸ ಕಲ್ಲಿನಂತೆ ಅಲ್ಲೇ ಕೂತಿತ್ತು. ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತ ಯೋಚಿಸುತ್ತ ತಲೆ ತಿರುಗಿ, ಗೋಡೆ ಹಿಡಿದುಕೊಂಡು ಹೊರಗೆ ಬಂದೆ.

ರಾತ್ರಿ ಊಟಕ್ಕೆ ಇಬ್ಬರೂ ವಸತಿಗೃಹದವರು ಕೊಟ್ಟ ಹತ್ತಿಯ ನಿಲುವಂಗಿ ತೊಟ್ಟು ಎದುರುಬದುರು ಕೂತೆವು. ಸುಟ್ಟ ಹೊಳೆಮೀನು ಬಂತು. ಅವರು ಬಾಟಲಿ ಎತ್ತಿ ನನ್ನ ಲೋಟಕ್ಕೆ ಬಿಯರ್ ಬಗ್ಗಿಸಿದರು. ಮದುವೆಯಾದಾಗಿನಿಂದ ಬಗ್ಗಿಸುವುದು ನನ್ನ ಪಾಲಿನ ಕೆಲಸ.

"ಏನ್ರೀ ಇದು, ಹೊಸ ಉಪಚಾರ?"

"ಸುಮ್ನೆ ಕುಡಿಯೇ."

"ನಿಮಗೊಂದು ಮಾತು ಹೇಳ್ಬೇಕಿತ್ತು."

"ಹೇಳು."

ದಣಿದ ಅವರ ಮುಖ ನೋಡಿದೆ. "ಮೀನು ಆರಿಹೋಗುತ್ತೆ, ತಿನ್ನಿ. ನಾಳೆ ಹೇಳ್ತೀನಿ," ಎಂದೆ. ಅವರು ಒತ್ತಾಯಿಸಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಬೆಳಿಗ್ಗೆ ಬಸ್ಸಿಗೆ ಮೊದಲು ಸಿಹಿ ಅಂಗಡಿಗೆ ಹೋದೆವು. ರಜೆ ಹಾಕಿ ಎಲ್ಲಿಗಾದರೂ ಹೋದವರು ಬರಿಗೈಲಿ ಕೆಲಸಕ್ಕೆ ಹೋಗುವುದುಂಟೇ? ನಮ್ಮ ಕೆಲಸವನ್ನೂ ಹೊತ್ತವರ ಮೇಜಿನ ಮೇಲೆ ಒಂದೊಂದು ಸಿಹಿ ಇಟ್ಟು, ತೊಂದರೆ ಕೊಟ್ಟೆ ಎಂದು ತಲೆಬಾಗಬೇಕು. ನನ್ನ ಗಂಡನಂತೂ ಈ ವಿಷಯದಲ್ಲಿ ಎಂದೂ ತಪ್ಪಿದವರಲ್ಲ. ಹೆತ್ತ ತಾಯಿಯ ಅಂತ್ಯಕ್ರಿಯೆಗೆ ಹೋಗಿ ವಾಪಸು ಬರುವಾಗಲೂ ರೈಲು ನಿಲ್ದಾಣದಲ್ಲಿ ಆಫೀಸಿಗೆಂದು ಬಿಸ್ಕತ್ತಿನ ಡಬ್ಬಿ ಹುಡುಕಿದ ಮನುಷ್ಯ.

ನಾನು ಅಡುಗೆಮನೆಯವರಿಗೆಂದು ಹೂರಣದ ಬನ್ನಿನ ದೊಡ್ಡ ಡಬ್ಬಿ ಆರಿಸಿದೆ. ಅಂಗಡಿಯಾಕೆ ಅವರ ಕಡೆ ತಿರುಗಿ, "ಯಜಮಾನ್ರ ಆಫೀಸಿಗೆ ಯಾವ್ದು ಕಟ್ಲಿ?" ಎಂದಳು.

"ನಂಗೆ ಬೇಡ," ಎಂದರು.

ಬೇಡ ಎಂದರೆ ಏನರ್ಥ ಎಂದು ಕೇಳಹೊರಟವಳಿಗೆ ಅರ್ಥ ತಾನಾಗಿಯೇ ಹೊಳೆಯಿತು. ತೋಳು ಹಿಡಿದು ಅವರನ್ನು ಅಂಗಡಿಯ ಮೂಲೆಗೆ ಕರೆದುಕೊಂಡು ಹೋದೆ.

"ಯಾವಾಗಿಂದ?"

ಅವರು ಬಾಗಿಲ ಕಡೆ ನೋಡಿದರು. "ಹೊಸ ವರ್ಷದ ರಜ ಮುಗಿದ್ಮೇಲೆ. ನಮ್ಮ ವಿಭಾಗನೇ ಮುಚ್ಚಿಬಿಟ್ರು ಕಣೇ."

"ಮತ್ತೆ ದಿನಾ ಟೈ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ರಿ?"

"ಲೈಬ್ರರಿಗೆ. ಸೋಮವಾರ ಅದಕ್ಕೂ ರಜ. ಸೋಮವಾರ ಮಾತ್ರ ಕಷ್ಟ ಆಗ್ತಿತ್ತು, ಪಾರ್ಕಲ್ಲಿ ಚಳಿ."

ನಾನು ಕಟ್ಟಿಕೊಟ್ಟ ಬುತ್ತಿಯನ್ನು ಈ ಮನುಷ್ಯ ಪಾರ್ಕಿನ ಬೆಂಚಿನ ಮೇಲೆ ಕೂತು ತಿಂದಿದ್ದಾರೆ. ಸಂಜೆ ಮನೆಗೆ ಬಂದು ಆಫೀಸಿನ ಸುದ್ದಿಯನ್ನೂ ಹೇಳಿದ್ದಾರೆ.

"ಇಲ್ಲಿ ಹೇಳೋಣ ಅಂತಲೇ ಕರ್ಕೊಂಡು ಬಂದೆ. ರಾತ್ರಿ ಹೇಳೋಕಾಗ್ಲಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ನೀನೂ ಏನೋ ಹೇಳ್ಬೇಕು ಅಂದ್ಯಲ್ಲ, ಏನದು?"

ಅಂಗಡಿಯಾಕೆ ಡಬ್ಬಿಗೆ ಕಾಗದ ಸುತ್ತುತ್ತಿದ್ದಳು. ಈಗಲೂ ಹೇಳಬಹುದಿತ್ತು. ನನಗೂ ಆಗುತ್ತಿಲ್ಲ ಎನ್ನುವ ಒಂದೇ ಒಂದು ಮಾತು.

"ಏನಿಲ್ಲ. ಅಡುಗೆಮನೇಲಿ ಜನ ಕಮ್ಮಿ. ಮುಂದಿನ ತಿಂಗಳಿಂದ ಭಾನುವಾರದ ಪಾಳಿನೂ ನಾನೇ ತಗೊಳ್ಳೋಣ ಅಂತಿದ್ದೆ," ಎಂದೆ.

"ಹೌದಾ," ಎಂದವರು ಬಹಳ ಹೊತ್ತಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಅವರಿಗೆ ಅಷ್ಟು ನಿರಾಳವಾಯಿತಲ್ಲ ಎಂದು ನನಗೆ ಅಳು ಬಂತು. ಮುಖ ತಿರುಗಿಸಿಕೊಂಡು ಹೋಗಿ ನನ್ನ ಡಬ್ಬಿ ತೆಗೆದುಕೊಂಡೆ.